ಶಾಲೆ ಬಿಟ್ಟ ಮೇಲೆ



ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಷಟ್‌ಸ್ಥಲವನ್ನು ಕುರಿತೋ ಅಷ್ಟಾವರಣವನ್ನು ಕುರಿತೋ ನಾಲ್ಕು ಮಾತು ಹೇಳುವುದು ನಮ್ಮ ವಾಡಿಕೆ. ಇಂದಿನ ವಿಷಯ ಕೇಳಿ, ಇದೇನು ಸ್ವಾಮಿಗಳು ಮನೆವಾರ್ತೆಗೆ ಇಳಿದರು ಎಂದು ಹಿರಿಯರು ಕೆಲವರು ಅಂದುಕೊಳ್ಳಬಹುದು. ಅಂದುಕೊಳ್ಳಲಿ. ಶಾಲೆ ಬಿಟ್ಟ ಮೇಲೆ ಮಗುವನ್ನು ಕರೆತರುವವರು ಯಾರು, ತಂದೆತಾಯಿ ಕೆಲಸದಿಂದ ಬರುವವರೆಗೆ ಅದನ್ನು ನೋಡಿಕೊಳ್ಳುವವರು ಯಾರು ಎಂಬುದೇ ಇಂದಿನ ವಿಷಯ. ಸಂಸಾರವಿಲ್ಲದ ನಿಮಗೆ ಇದರ ಗೊಡವೆ ಏಕೆ ಎಂದು ಕೇಳಿದರೆ, ಕಾರಣವನ್ನು ಹೇಳುತ್ತೇವೆ.

ಹೋದ ವರ್ಷ ಆಷಾಢದಲ್ಲಿ ಒಂದು ಸಂಜೆ, ಹಳ್ಳಿಯೊಂದರಲ್ಲಿ ಪಾದಪೂಜೆ ಮುಗಿಸಿಕೊಂಡು ಮಠಕ್ಕೆ ಬರುವಾಗ ಆರು ಗಂಟೆ ದಾಟಿತ್ತು. ಜಡಿಮಳೆ. ಮಹಾದ್ವಾರದ ಕಟ್ಟೆಯ ಮೇಲೆ ಒಂದನೆಯ ತರಗತಿಯ ಹೆಣ್ಣುಮಗು ಚೀಲವನ್ನು ಎದೆಗವಚಿಕೊಂಡು ಕುಳಿತಿತ್ತು. ಶಾಲೆ ಬಿಟ್ಟಿದ್ದು ಮೂರೂವರೆಗೆ. ಗೇಟಿಗೆ ಬೀಗ ಹಾಕುವ ಹೊತ್ತಾದಾಗ ಕಾವಲುಗಾರ ಮಗುವನ್ನು ಇಲ್ಲಿ ಕೂರಿಸಿ ಹೋಗಿದ್ದ. ದಿನವೂ ಕರೆದೊಯ್ಯುತ್ತಿದ್ದ ಅಜ್ಜಿಗೆ ಅಂದು ಜ್ವರ ಏರಿ, ನೆರೆಯವರು ಆಸ್ಪತ್ರೆಗೆ ಸೇರಿಸಿದ್ದರು. ತಂದೆ ಸರಕಿನ ಗಾಡಿ ಹೊಡೆಯುವವನು, ಬೇರೆ ಜಿಲ್ಲೆಗೆ ಹೋಗಿದ್ದ. ತಾಯಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ. ಅಲ್ಲಿ ಕೆಲಸದ ಹೊತ್ತಿನಲ್ಲಿ ಫೋನು ಕೈಯಲ್ಲಿಟ್ಟುಕೊಳ್ಳುವ ಹಾಗಿಲ್ಲ. ಯಾರಿಗೆ ಯಾರೂ ಹೇಳಲಿಲ್ಲ.

ನಾವು ಬಾಳೆಹಣ್ಣು ಕೊಟ್ಟೆವು. ಮಗು ಕೈ ಚಾಚಲಿಲ್ಲ. "ಯಾರ ಹತ್ರಾನೂ ಏನೂ ಇಸ್ಕೋಬಾರ್ದು ಅಂತ ಅಮ್ಮ ಹೇಳವ್ರೆ" ಎಂದಿತು. ಹತ್ತು ಹೆಜ್ಜೆಯಾಚೆ ಪ್ರಸಾದನಿಲಯದಲ್ಲಿ ನೂರಾರು ಮಕ್ಕಳಿಗೆ ಎಡೆಯಾಗುತ್ತಿದೆ. ಇಲ್ಲಿ ಒಂದು ಕೂಸು ಮೂರು ಗಂಟೆ ಹೊತ್ತಿನಿಂದ ಹಸಿದು ಕುಳಿತಿದೆ. ಆ ತಾಯಿಯ ಶಿಕ್ಷಣಕ್ಕೆ ಮೆಚ್ಚಬೇಕೋ, ನಮ್ಮ ದಾಸೋಹಕ್ಕೆ ನಾಚಬೇಕೋ ತಿಳಿಯದಾಯಿತು.

ಏಳರ ಹೊತ್ತಿಗೆ ತಾಯಿ ಓಡಿಬಂದಳು. ಮಗುವನ್ನು ಅಪ್ಪಿಕೊಂಡು ಅತ್ತು, ನಮ್ಮ ಕಾಲಿಗೆ ಬಿದ್ದು "ತಪ್ಪಾಯ್ತು ಬುದ್ಧಿ, ಮಗು ಬರೋ ಹೊತ್ಗೆ ಮನೇಲಿರ್ಬೇಕು ಅಂತ ತಾವು ಹೇಳಿದ್ರಿ, ನನ್ನ ಕೈಲಿ ಆಗ್ಲಿಲ್ಲ" ಎಂದಳು.

ಹೌದು, ನಾವು ಹೇಳಿದ್ದೆವು. ಅದಕ್ಕೆ ಎರಡು ವರ್ಷ ಹಿಂದೆ ಇದೇ ಪೀಠದಲ್ಲಿ ಕುಳಿತು, ಮಗು ಶಾಲೆಯಿಂದ ಬರುವಾಗ ತಾಯಿ ಬಾಗಿಲಲ್ಲಿರಬೇಕು ಎಂದು ಸೊಗಸಾಗಿ ಹೇಳಿ ಚಪ್ಪಾಳೆ ಪಡೆದಿದ್ದೆವು. ಆ ಮಾತನ್ನು ಇಂದು ಹಿಂತೆಗೆದುಕೊಳ್ಳುತ್ತೇವೆ. ಕಾಯಕವೇ ಕೈಲಾಸವೆಂದು ದಿನವೂ ಸಾರುವ ನಾವು, ಹೆಣ್ಣುಮಗಳ ಕಾಯಕಕ್ಕೆ ಬಂದಾಗ ಮಾತ್ರ ಬೇರೆ ಅಳತೆ ಹಿಡಿದೆವು. ಹನ್ನೆರಡನೆಯ ಶತಮಾನದಲ್ಲಿಯೇ ಆಯ್ದಕ್ಕಿ ಲಕ್ಕಮ್ಮ ಇದ್ದಳು, ನೂಲುವ ಕದಿರ ರೆಮ್ಮವ್ವೆ ಇದ್ದಳು. ಹೆಂಗಸರ ದುಡಿಮೆ ನಿನ್ನೆ ಮೊನ್ನೆಯದಲ್ಲ. ಆ ಮನೆಯ ಒಲೆ ಉರಿಯುವುದು ಇಬ್ಬರ ಸಂಬಳದಿಂದ. ಅವಳು ಬಾಗಿಲಲ್ಲಿ ನಿಂತರೆ ಶಾಲೆಯ ಶುಲ್ಕ ಕಟ್ಟುವವರು ಯಾರು? ತಂದೆ ಬಾಗಿಲಲ್ಲಿರಬೇಕು ಎಂದು ನಾವು ಹೇಳಲಿಲ್ಲ, ನೋಡಿರಿ.

ಶಾಲೆಯ ಅರ್ಜಿಯಲ್ಲಿ 'ಪಾಲಕರು' ಎಂದಿರುತ್ತದೆ, 'ಪೋಷಕರು' ಎಂದಿರುತ್ತದೆ. ಒಂದಕ್ಕೆ ಕಾಯುವವರೆಂದು ಅರ್ಥ, ಇನ್ನೊಂದಕ್ಕೆ ಉಣಿಸಿ ಬೆಳೆಸುವವರೆಂದು ಅರ್ಥ. ಹೆತ್ತವರೆಂಬ ಅರ್ಥ ಈ ಎರಡು ಶಬ್ದಗಳಲ್ಲಿಯೂ ಇಲ್ಲ. ಷಣ್ಮುಖನಿಗೆ ಕಾರ್ತಿಕೇಯನೆಂಬ ಹೆಸರು ಬಂದದ್ದು ಹೇಗೆ? ಆರು ಜನ ಕೃತ್ತಿಕೆಯರು ಹಾಲೂಡಿ ಸಲಹಿದ್ದರಿಂದ. ಶಿವಪಾರ್ವತಿಯರ ಮಗನಿಗೇ ಆರು ಸಾಕುತಾಯಂದಿರು ಬೇಕಾದರು. ನಮ್ಮ ಊರಿನ ಕೂಲಿಕಾರಳ ಮಗುವಿಗೆ ಒಬ್ಬಳಾದರೂ ಬೇಡವೆ?

ಸರ್ಕಾರ ಏನೂ ಮಾಡಿಲ್ಲವೆಂದು ಹೇಳಲಾಗದು. 1948ರ ಕಾರ್ಖಾನೆಗಳ ಕಾಯಿದೆಯಲ್ಲಿಯೇ ಹೆಣ್ಣಾಳುಗಳಿರುವ ದೊಡ್ಡ ಕಾರ್ಖಾನೆಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದು ಬರೆದರು. 1975ರಲ್ಲಿ ಅಂಗನವಾಡಿಯ ಯೋಜನೆ ಹೊರಟಾಗ ನಮ್ಮ ನಾಡಿನಲ್ಲಿ ಮೊದಲು ಆರಂಭವಾದದ್ದು ತಿರುಮಕೂಡಲು ನರಸೀಪುರದಲ್ಲಿ. 2017ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆಗೆ ತಿದ್ದುಪಡಿ ತಂದು, ಐವತ್ತು ಮಂದಿ ದುಡಿಯುವ ಕಡೆ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು ಎಂದರು. ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗಾಗಿ 2023ರಲ್ಲಿ ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಎಂಬ ಯೋಜನೆ ಬಂತು. ಒಳ್ಳೆಯ ಕೆಲಸಗಳು. ಆದರೆ ಇವೆಲ್ಲ ಎಳೆಯ ಕೂಸುಗಳ ಲೆಕ್ಕ. ಆರು ತುಂಬಿ ಒಂದನೆಯ ತರಗತಿಗೆ ಸೇರಿತೆಂದರೆ ಮಗುವಿನ ಹಸಿವು, ಭಯ, ನಿದ್ದೆ ಎಲ್ಲ ಮಾಯವಾಯಿತೆಂದು ತಿಳಿದ ಹಾಗಿದೆ. ಗಂಟೆ ಬಾರಿಸಿದ ಮೇಲೆ ಶಾಲೆ ತನ್ನದಲ್ಲವೆನ್ನುತ್ತದೆ. ಕಾರ್ಖಾನೆ ಸಂಜೆಯವರೆಗೆ ತಾಯಿಯನ್ನು ಬಿಡುವುದಿಲ್ಲ. ನಡುವಣ ಈ ಮೂರು ಗಂಟೆ ಯಾರ ಪುಸ್ತಕದಲ್ಲಿಯೂ ಇಲ್ಲ.

ಅಜ್ಜಿ ಇದ್ದಾಳಲ್ಲ ಎನ್ನುತ್ತೀರಿ. ಆ ಮಗುವಿನ ಅಜ್ಜಿಗೆ ಅರವತ್ತೆಂಟು ವರ್ಷ, ಮಂಡಿ ನೋವು. ದಿನಾ ಒಂದು ಮೈಲಿ ನಡೆದು ಬಂದು, ಮಗುವನ್ನೂ ಚೀಲವನ್ನೂ ಹೊತ್ತುಕೊಂಡು ಮರಳುತ್ತಿದ್ದಳು. ಮೂರು ದಿನ ಮೈ ಬೆಚ್ಚಗಿದ್ದರೂ ಹೇಳಿರಲಿಲ್ಲ. ಹೇಳಿದರೆ ಸೊಸೆಯ ಕೆಲಸ ಹೋದೀತೆಂಬ ಅಂಜಿಕೆ. ನಿಮ್ಮ ಮನೆಯಲ್ಲಿ ಅಜ್ಜಿ ಅಜ್ಜ ಮಗುವನ್ನು ನೋಡಿಕೊಳ್ಳುತ್ತಿದ್ದರೆ ಅದು ಅವರು ಮಾಡುತ್ತಿರುವ ಕಾಯಕ. ವಾರಕ್ಕೆ ಒಂದು ದಿನವಾದರೂ ಅವರಿಗೆ ಬಿಡುವು ಕೊಡಿರಿ. ದುಡ್ಡು ಕೊಟ್ಟು ನೆರೆಯವಳ ಬಳಿ ಬಿಡುವುದಾದರೆ ಆ ದುಡ್ಡನ್ನು ತಿಂಗಳ ಮೊದಲ ದಿನವೇ ಕೊಡಿರಿ. ನಿಮ್ಮ ಸಂಬಳ ತಡವಾದರೆ ನೀವು ಸುಮ್ಮನಿರುತ್ತೀರಾ?

ಕರೆತರುವವರು ಒಬ್ಬರೇ ಸಾಲದು, ಇಬ್ಬರಿರಬೇಕು. ಒಬ್ಬರಿಗೆ ಜ್ವರ ಬಂದ ದಿನ ಇನ್ನೊಬ್ಬರು. ಇಬ್ಬರ ಹೆಸರನ್ನೂ ಶಾಲೆಗೆ ಬರೆದು ಕೊಡಿರಿ. ಕಾರ್ಖಾನೆಯ ಮೇಲ್ವಿಚಾರಕರ ನಂಬರನ್ನೂ ಕೊಡಿರಿ. "ನಿಮ್ಮಪ್ಪ ಕಳಿಸಿದ್ದಾರೆ ಬಾ" ಎಂದು ಯಾರಾದರೂ ಬಂದರೆ ಹೋಗಕೂಡದೆಂದು ಮಗುವಿಗೆ ಕಲಿಸಿರಿ. ಮನೆಯವರಿಗಷ್ಟೇ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಂಡು, ಅದನ್ನು ಹೇಳಿದವರೊಂದಿಗೆ ಮಾತ್ರ ಹೋಗಬೇಕೆಂದು ತಿಳಿಸಿರಿ. ಆಟೋದಲ್ಲಿ ಕಳಿಸುವವರು ಡ್ರೈವರನ ಮನೆ ಎಲ್ಲಿ ಎಂದು ತಿಳಿದುಕೊಂಡಿರಬೇಕು. ಬಾಡಿಗೆ ಕಡಿಮೆಯೆಂದು ಮಕ್ಕಳನ್ನು ಹುಲ್ಲಿನ ಹೊರೆಯಂತೆ ತುಂಬುವವನ ಬಳಿ ಬಿಡಬೇಡಿರಿ. ಮಠದ ಮುಂದೆ ದಿನಾ ನೋಡುತ್ತೇವೆ, ಡ್ರೈವರನ ಎಡಬಲಕ್ಕೆ ಮಕ್ಕಳು ಜೋತು ಬಿದ್ದಿರುತ್ತಾರೆ. ನೋಡಿ ನಮ್ಮ ಜೀವ ಹಾರುತ್ತದೆ.

ಇನ್ನೊಂದು ಮಾತು. ಇದನ್ನು ಸಭೆಯಲ್ಲಿ ಹೇಳುವುದು ಸಂಕೋಚವೇ, ಆದರೂ ಹೇಳಬೇಕು. ಯಾರದೋ ಮನೆಗೆ ಹೋಗಲು ಮಗು ಒಲ್ಲೆನೆಂದು ಅತ್ತರೆ ಹಟವೆಂದು ಗದರಬೇಡಿರಿ. ಕೂರಿಸಿಕೊಂಡು ಕೇಳಿರಿ. ಮಕ್ಕಳಿಗೆ ಕೇಡು ಮಾಡುವವರು ಅನೇಕ ವೇಳೆ ಪರಿಚಿತರೇ, ನೆಂಟರೇ ಆಗಿರುತ್ತಾರೆ. ಅದಕ್ಕಾಗಿಯೇ 2012ರಲ್ಲಿ ಕಾನೂನು ಬಂದಿದೆ. 1098ಕ್ಕೆ ಫೋನು ಮಾಡಿದರೆ ಕೇಳುವವರಿದ್ದಾರೆ. ಮಾನ ಹೋಗುತ್ತದೆಂದು ಮುಚ್ಚಿಟ್ಟರೆ ಮಗುವೇ ಹೋಗುತ್ತದೆ.

ಮನೆಗೆ ಬಂದ ಮಗುವಿಗೆ ಮೊದಲು ಬೇಕಾದದ್ದು ತಿಂಡಿ, ಪುಸ್ತಕವಲ್ಲ. ನಮ್ಮನ್ನು ಎಂಟನೆಯ ವಯಸ್ಸಿನಲ್ಲಿ ಸಂಸ್ಕೃತ ಪಾಠಶಾಲೆಗೆ ಬಿಟ್ಟರು. ಸಂಜೆಯ ಪಾಠ ಮುಗಿಸಿ ಹೊರಬಂದರೆ ಅಡುಗೆಯ ಅಜ್ಜ ಹುರಿಗಡಲೆ, ಬೆಲ್ಲ ಹಿಡಿದುಕೊಂಡು ನಿಂತಿರುತ್ತಿದ್ದರು. "ಏನು ಕಲಿತೆ" ಎಂದು ಒಂದು ದಿನವೂ ಕೇಳಲಿಲ್ಲ, "ಹಸಿವಾಯ್ತಾ ಮರಿ" ಎಂದೇ ಕೇಳುತ್ತಿದ್ದರು. ಅಮರಕೋಶದಲ್ಲಿ ಒಂದೆರಡು ವರ್ಗ ಮರೆತುಹೋಗಿವೆ. ಆ ಬೆಲ್ಲ ಮರೆತಿಲ್ಲ.

ಈಗ ಮಠದ ಮಾತು. ಮೂಡಣ ಪಡಸಾಲೆ ಹಬ್ಬಹರಿದಿನಗಳಲ್ಲದೆ ಬೇರೆ ದಿನ ಬೀಗ ಹಾಕಿಕೊಂಡೇ ಇರುತ್ತದೆ. ಮುಂದಿನ ಸೋಮವಾರದಿಂದ ಅದು ಮಧ್ಯಾಹ್ನ ಮೂರಕ್ಕೆ ತೆರೆಯುತ್ತದೆ, ಕೊನೆಯ ಮಗು ಹೋಗುವವರೆಗೆ ತೆರೆದಿರುತ್ತದೆ. ಪಕ್ಕದ ಶಾಲೆಯ ಗೇಟಿನಿಂದ ಇಬ್ಬರು ತಾಯಂದಿರು ಮಕ್ಕಳನ್ನು ಸಾಲಾಗಿ ಕರೆತರುತ್ತಾರೆ. ಅವರಿಗೆ ಮಠ ತಿಂಗಳ ಸಂಬಳ ಕೊಡುತ್ತದೆ. ನಿವೃತ್ತರಾದ ಮೇಷ್ಟ್ರು ಒಬ್ಬರು ತಾವಾಗಿ ಒಪ್ಪಿಕೊಂಡಿದ್ದಾರೆ. ಅವಲಕ್ಕಿಯೋ ಉಪ್ಪಿಟ್ಟೋ ಪ್ರಸಾದನಿಲಯದಿಂದ ಬರುತ್ತದೆ. ಹಿತ್ತಲ ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿದ್ದಾಗಿದೆ. ಸಣ್ಣ ಮಕ್ಕಳ ಎತ್ತರಕ್ಕೆ ಎರಡು ನಲ್ಲಿ ಹಾಕಿಸುವುದು ಬಾಕಿ ಇದೆ, ಈ ವಾರ ಆಗುತ್ತದೆ. ಯಾವ ಜಾತಿ, ಯಾವ ಮತವೆಂದು ಯಾರೂ ಕೇಳುವುದಿಲ್ಲ. ಪುಸ್ತಕದಲ್ಲಿ ಬರೆಸಿದವರ ಕೈಗಲ್ಲದೆ ಬೇರೆ ಯಾರ ಕೈಗೂ, ಸ್ವತಃ ನಾವೇ ಹೇಳಿಕಳಿಸಿದರೂ ಮಗುವನ್ನು ಕೊಡಕೂಡದೆಂದು ಅಪ್ಪಣೆಯಾಗಿದೆ.

ಆ ಪುಸ್ತಕ ಗುಮಾಸ್ತರ ಬಳಿ ಇದೆ. ಮಗುವಿನ ಹೆಸರು, ಕರೆದೊಯ್ಯುವ ಇಬ್ಬರ ಹೆಸರು, ಮಗುವಿಗೆ ಒಗ್ಗದ ಆಹಾರವೇನಾದರೂ ಇದ್ದರೆ ಅದು, ಇಷ್ಟನ್ನು ಪ್ರಸಾದಕ್ಕೆ ಕೂರುವ ಮುನ್ನ ಬರೆಸಿಹೋಗಿರಿ. ತಂದೆಯಂದಿರು ಬಂದು ಬರೆಸಿದರೆ ನಮಗೆ ಹೆಚ್ಚು ಸಂತೋಷ.