ಹಳೆಯ ಕೋಡಿನ ಹೊಸ ವಾರಸುದಾರರಿಗೆ

ಈ ಸೆಖೆಯಲ್ಲೂ ಕಪ್ಪು ಗೌನು ತೊಟ್ಟು ಕೂತಿರುವ ಪದವೀಧರರೇ,

ಘಟಿಕೋತ್ಸವಕ್ಕೆ ಬಂದ ಅತಿಥಿ ನಿಮ್ಮನ್ನು ನಾಳಿನ ನಿರ್ಮಾತೃಗಳೆಂದು ಹೊಗಳಿ ಕೂರುವುದು ವಾಡಿಕೆ. ನಾನು ತಂತ್ರಜ್ಞಾನದ ಸುದ್ದಿ ಬರೆದು ಹೊಟ್ಟೆ ಹೊರೆಯುವವನು. ಆ ಸುದ್ದಿಗಳನ್ನು ನೋಡಿದರೆ ನಿಮ್ಮಲ್ಲಿ ಬಹಳ ಜನ ಹೊಸದಾಗಿ ಏನನ್ನೂ ಕಟ್ಟಲಿಕ್ಕಿಲ್ಲ ಎನ್ನಿಸುತ್ತದೆ. ಹಳೆಯ ಕೋಡೆಂಬ, ಹಿಸ್ಸೆಗೆ ಬಂದ ತೊಟ್ಟಿಮನೆಗೆ ಹೋಗಿ ಸೇರಿಕೊಂಡು ಅದರ ರಿಪೇರಿ ನೋಡಿಕೊಳ್ಳುತ್ತೀರಿ. ಯಾವ ಕಂಬದ ಮೇಲೆ ಭಾರ ಇದೆ, ಯಾವುದು ಸುಮ್ಮನೆ ಅಂದಕ್ಕೆ ನಿಂತಿದೆ ಎಂದು ತಿಳಿದವರು ನೀವು ಹೋಗುವ ಹೊತ್ತಿಗೆ ಕಂಪನಿ ಬಿಟ್ಟು ಹೋಗಿರುತ್ತಾರೆ.

ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಬೆಂಗಳೂರಿನ ಐಟಿ ಉದ್ಯಮ ಮೈತುಂಬಿಕೊಂಡದ್ದರಲ್ಲಿ ಇಂಥ ರಿಪೇರಿ ಕೆಲಸದ ಪಾಲು ಸಣ್ಣದಲ್ಲ. 1990ರ ದಶಕದ ಕೊನೆಯಲ್ಲಿ ಹೊರದೇಶದ ಕಂಪನಿಗಳ ಕೋಬಾಲ್ ಕೋಡಿನೊಳಗೆ ಕೂತು, ಎರಡೇ ಅಂಕಿಯಲ್ಲಿ ಬರೆದಿಟ್ಟ ಇಸವಿಗಳನ್ನು ಹುಡುಕಿ ಹುಡುಕಿ ಸರಿಮಾಡಿದವರು ನಿಮ್ಮ ಅಪ್ಪ ಅಮ್ಮಂದಿರ ವಾರಿಗೆಯವರು. 2000ದ ಜನವರಿ 1 ಬಂತು, ಹೇಳಿಕೊಳ್ಳುವಂಥ ಅನಾಹುತವೇನೂ ಆಗಲಿಲ್ಲ. ಆಗಲಿಲ್ಲವಾದ್ದರಿಂದ ಅವರಿಗೆ ಯಾರೂ ಹಾರ ಹಾಕಲಿಲ್ಲ. ವೈಟುಕೆ ಎಂದು ಹೆಸರಾದ ಆ ಇಸವಿಯ ತೊಂದರೆಯೇ ಒಂದು ಬುರುಡೆ ಎಂದು ಹೇಳುವವರು ಇವತ್ತಿಗೂ ಸಿಗುತ್ತಾರೆ.

ರಿಪೇರಿ ಆಗದೆ ಉಳಿದರೆ ಏನಾಗುತ್ತದೆ ಎನ್ನುವುದಕ್ಕೆ ನೈಟ್ ಕ್ಯಾಪಿಟಲ್ ಇದೆ. ಗಿರಾಕಿಗಳ ಆರ್ಡರುಗಳನ್ನು ರೆಪ್ಪೆ ಬಡಿಯುವುದರೊಳಗೆ ಅಮೆರಿಕದ ಷೇರುಪೇಟೆಗೆ ರವಾನಿಸುತ್ತಿದ್ದ ಕಂಪನಿ. 2012ರ ಆಗಸ್ಟ್ 1ರಂದು ಅಲ್ಲಿ ಹೊಸ ಸೌಲಭ್ಯವೊಂದು ಶುರುವಾಗಬೇಕಿತ್ತು. ಅದರ ಕೋಡನ್ನು ಎಂಟು ಸರ್ವರುಗಳಿಗೆ ಹಾಕಬೇಕಿತ್ತು, ಏಳಕ್ಕೆ ಹಾಕಿದರು. ಹಾಕಿದ್ದಾಯಿತೇ ಎಂದು ಇನ್ನೊಬ್ಬರು ನೋಡುವ ಪದ್ಧತಿ ಅಲ್ಲಿರಲಿಲ್ಲ. ಉಳಿದ ಆ ಒಂದು ಸರ್ವರಿನಲ್ಲಿ ಪವರ್ ಪೆಗ್ ಎಂಬ ಹಳೆಯ ಕೋಡು ಮಲಗಿತ್ತು. ಹಿಂದಿನ ಸಾಲಿನವರು ನಗಬೇಡಿ, ಅದು ಷೇರು ವ್ಯವಹಾರದ ಒಂದು ಕ್ರಮ. 2003ರಿಂದ ಅದನ್ನು ಯಾರೂ ಬಳಸಿರಲಿಲ್ಲ, ಯಾರೂ ಅಳಿಸಿರಲೂ ಇಲ್ಲ. ಅದನ್ನು ಎಬ್ಬಿಸಲು ಹಿಂದೆ ಇದ್ದ ಫ್ಲ್ಯಾಗನ್ನೇ ಹೊಸ ಸೌಲಭ್ಯಕ್ಕೂ ಇಟ್ಟುಕೊಂಡಿದ್ದರು. ಬೆಳಿಗ್ಗೆ ಪೇಟೆ ತೆರೆಯಿತು, ಪವರ್ ಪೆಗ್ ಎದ್ದು ಕೂತಿತು. ಕೇಳಿದಷ್ಟು ಷೇರು ಆಯಿತು, ಇನ್ನು ಸಾಕು ಎಂದು ಲೆಕ್ಕ ಹೇಳುತ್ತಿದ್ದ ಭಾಗವನ್ನು 2005ರಲ್ಲೇ ಕೋಡಿನ ಬೇರೆ ಜಾಗಕ್ಕೆ ಸರಿಸಿದ್ದರು. ಹಾಗಾಗಿ ಅದಕ್ಕೆ ನಿಲ್ಲಿಸುವುದೇ ತಿಳಿಯಲಿಲ್ಲ. ಗಿರಾಕಿಗಳು ಕೊಟ್ಟದ್ದು 212 ಆರ್ಡರು. 45 ನಿಮಿಷದಲ್ಲಿ ನಡೆದದ್ದು 40 ಲಕ್ಷಕ್ಕೂ ಮಿಕ್ಕಿದ ವಹಿವಾಟು. ನಷ್ಟ 46 ಕೋಟಿ ಡಾಲರಿಗೂ ಹೆಚ್ಚು.

ಈ ಕತೆಯಲ್ಲಿ ನನಗೆ ಇಷ್ಟವಾದ ಎರಡು ಸಂಗತಿಗಳು ಇನ್ನೂ ಬಾಕಿ ಇವೆ. ಏನೋ ಎಡವಟ್ಟಾಗಿದೆ ಎಂದು ಗೊತ್ತಾದ ಮೇಲೆ ಎಂಜಿನಿಯರುಗಳು ಹೊಸ ಕೋಡಿನ ಮೇಲೆ ಗುಮಾನಿಪಟ್ಟು, ಸರಿಯಾಗಿಯೇ ಇದ್ದ ಏಳು ಸರ್ವರುಗಳಿಂದ ಅದನ್ನು ಕಿತ್ತು ಹಾಕಿದರು. ಅಲ್ಲಿಗೆ ಎಂಟರಲ್ಲೂ ಪವರ್ ಪೆಗ್. ಇನ್ನೊಂದು, ಅವತ್ತು ಪೇಟೆ ತೆರೆಯುವ ಮೊದಲೇ ಕಂಪನಿಯ ಯಂತ್ರವೇ ತನ್ನ ಸಿಬ್ಬಂದಿಗೆ 97 ಮೇಲ್ ಕಳಿಸಿತ್ತು, ಅದೂ ಪವರ್ ಪೆಗ್ ಎಂದು ಹೆಸರು ಹಿಡಿದು. ಯಾರೂ ಅದರ ಬೆನ್ನು ಹತ್ತಲಿಲ್ಲ. ಅಂಥ ಮೇಲ್‌ಗಳು ಬರುತ್ತಲೇ ಇರುತ್ತವೆ ಎನ್ನುವುದು ಆಫೀಸಿನ ಲೋಕಜ್ಞಾನ.

ರಾಕೆಟ್ ವಿಜ್ಞಾನಿಗಳಾದರೂ ಇದಕ್ಕೆ ಹೊರತೇ ಎಂದರೆ, ಇಲ್ಲ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕುರೂವಿನಿಂದ ಮೊದಲ ಬಾರಿಗೆ ಹಾರಿದ ಏರಿಯಾನ್ 5, ನಲವತ್ತು ಸೆಕೆಂಡು ಮುಗಿಯುವ ಮೊದಲೇ ಚೂರುಚೂರಾಯಿತು. ಏರಿಯಾನ್ 4ರಲ್ಲಿ ವರ್ಷಗಟ್ಟಲೆ ಸರಿಯಾಗಿ ನಡೆದಿದ್ದ ಕೋಡನ್ನು ಹಾಗೇ ಎತ್ತಿ ಇದಕ್ಕೆ ಹಾಕಿದ್ದರು. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು. ಆ ಲೆಕ್ಕವನ್ನು ಕೋಡು ಇಡುತ್ತಿದ್ದ 16 ಬಿಟ್ಟಿನ ಸಂಖ್ಯೆಯಲ್ಲಿ 32,767ಕ್ಕಿಂತ ಮೇಲಿನದು ಹಿಡಿಸುವುದಿಲ್ಲ, ಹಾಗಾಗಿ ಲೆಕ್ಕ ತಪ್ಪಿ ಯಂತ್ರ ಕೈಕೊಟ್ಟಿತು. ಮುಖ್ಯ ಯಂತ್ರ ಕೈಕೊಟ್ಟರೆ ಇರಲಿ ಎಂದು ಇಟ್ಟಿದ್ದ ಎರಡನೆಯ ಯಂತ್ರದಲ್ಲೂ ಅದೇ ಕೋಡು ಇದ್ದುದರಿಂದ ಅದೂ ಅದೇ ರೀತಿ ಕೈಕೊಟ್ಟಿತು. ಅಂದಹಾಗೆ, ಲೆಕ್ಕ ತಪ್ಪಿದ ಆ ಭಾಗ ಹೊಸ ರಾಕೆಟ್ ನೆಲ ಬಿಟ್ಟ ಮೇಲೆ ಯಾವ ಕೆಲಸಕ್ಕೂ ಬೇಕಾಗಿರಲಿಲ್ಲ. ಹಳೆಯದರಲ್ಲಿ ಬೇಕಿತ್ತು, ಆದ್ದರಿಂದ ಇತ್ತು.

ಇಲ್ಲಿಯವರೆಗಿನದು ಹಣ ಮತ್ತು ಲೋಹದ ಲೆಕ್ಕ. ಇದನ್ನೆಲ್ಲ ನಗುತ್ತಾ ಹೇಳಬಹುದು. ಇನ್ನೊಂದನ್ನು ಹಾಗೆ ಹೇಳಲಾಗುವುದಿಲ್ಲ.

ಬ್ರಿಟನ್ನಿನ ಹಳ್ಳಿಗಳಲ್ಲಿ ಕಿರಾಣಿ ಅಂಗಡಿಯ ಜೊತೆಗೇ ಅಂಚೆ ಕಚೇರಿ ನಡೆಸುವ ಸಬ್‌ಪೋಸ್ಟ್‌ಮಾಸ್ಟರುಗಳಿದ್ದಾರೆ. ಊರಿನವರ ನಂಬಿಕೆಯೇ ಅವರ ಬಂಡವಾಳ. 1999ರಿಂದ ಅವರ ಲೆಕ್ಕವನ್ನೆಲ್ಲ ಫುಜಿತ್ಸು ಕಂಪನಿಯ ಹೊರೈಜನ್ ಎಂಬ ಸಾಫ್ಟ್‌ವೇರಿಗೆ ಒಪ್ಪಿಸಲಾಯಿತು. ಸಂಜೆ ಲೆಕ್ಕ ಮುಗಿಸಿದರೆ ಪರದೆಯ ಮೇಲೆ ಕೊರತೆ. ಸಾವಿರ ಪೌಂಡ್, ಆಮೇಲೆ ಹತ್ತು ಸಾವಿರ. ಕೊರತೆ ಬಿದ್ದರೆ ಕೈಯಿಂದ ತುಂಬಬೇಕೆಂದು ಕರಾರು. ಉಳಿತಾಯ ಹೋಯಿತು, ಮನೆ ಅಡವಿಗೆ ಬಿತ್ತು. ಸಹಾಯವಾಣಿಗೆ ಫೋನ್ ಮಾಡಿದ ಎಷ್ಟೋ ಮಂದಿಗೆ ಸಿಕ್ಕ ಉತ್ತರ, ಈ ತೊಂದರೆ ನಿಮ್ಮೊಬ್ಬರಿಗೇ, ಬೇರೆ ಯಾರಿಗೂ ಇಲ್ಲ ಎಂದು. ಪ್ರತಿಯೊಬ್ಬರಿಗೂ ನಿಮ್ಮೊಬ್ಬರಿಗೇ! ಕಳ್ಳತನ, ಸುಳ್ಳು ಲೆಕ್ಕದ ಆರೋಪದಲ್ಲಿ ಒಂಬೈನೂರಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು, ಕೆಲವರು ಜೈಲು ಕಂಡರು. ಬಹುಪಾಲು ಮೊಕದ್ದಮೆ ಹೂಡಿದ್ದು ಅಂಚೆ ಸಂಸ್ಥೆಯೇ. ಕಂಪ್ಯೂಟರಿನ ದಾಖಲೆ ಹಾಜರುಪಡಿಸುವವರು ಯಂತ್ರ ಸರಿಯಾಗಿತ್ತೆಂದು ತೋರಿಸಬೇಕೆನ್ನುತ್ತಿದ್ದ ಕಲಮನ್ನು ಆ ದೇಶ ತೆಗೆದುಹಾಕಿದ್ದೂ 1999ರ ಕಾಯ್ದೆಯಲ್ಲೇ. ಅಲ್ಲಿಂದ ಮುಂದೆ ಯಂತ್ರ ಸರಿ ಎಂದು ಕೋರ್ಟು ಮೊದಲೇ ಒಪ್ಪಿಕೊಂಡಿರುತ್ತಿತ್ತು. ತಪ್ಪಿದ್ದರೆ ಆಪಾದಿತರೇ ಎತ್ತಿ ತೋರಿಸಬೇಕು. ಅವರ ಬಳಿ ಕೋಡೂ ಇಲ್ಲ, ದೋಷಗಳ ಪಟ್ಟಿಯೂ ಇಲ್ಲ.

ವೇಲ್ಸಿನ ಅಲನ್ ಬೇಟ್ಸ್ ಎಂಬ ಸಬ್‌ಪೋಸ್ಟ್‌ಮಾಸ್ಟರ್, ಕೆಲಸ ಕಳೆದುಕೊಂಡ ಮೇಲೂ ಸುಮ್ಮನಾಗದೆ ಒಬ್ಬೊಬ್ಬರನ್ನೇ ಹುಡುಕಿ ಕೂಡಿಸಿದರು. 555 ಜನ ಸೇರಿ ಹೂಡಿದ ದಾವೆಯಲ್ಲಿ, ಹೊರೈಜನ್‌ನಲ್ಲಿ ಕೊರತೆ ಹುಟ್ಟಿಸುವ ದೋಷಗಳಿದ್ದವೆಂದು 2019ರಲ್ಲಿ ನ್ಯಾಯಾಲಯ ಹೇಳಿತು. ಶಾಖೆಯವರಿಗೆ ತಿಳಿಯದಂತೆ ಫುಜಿತ್ಸು ಸಿಬ್ಬಂದಿ ಅವರ ಲೆಕ್ಕದೊಳಗೆ ಕೈಯಾಡಿಸಬಹುದಿತ್ತೆಂಬ ಮಾತೂ ಹೊರಬಿತ್ತು. ಅದು ಅಸಾಧ್ಯವೆಂದು ಅಂಚೆ ಸಂಸ್ಥೆ ವರ್ಷಾನುಗಟ್ಟಲೆ ವಾದಿಸಿತ್ತು. ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡುವ ಕಾಯ್ದೆ ಬಂದದ್ದು 2024ರ ಮೇ ತಿಂಗಳಲ್ಲಿ, ಅದೂ ಆ ವರ್ಷದ ಜನವರಿಯಲ್ಲಿ ಟೀವಿಯಲ್ಲೊಂದು ಧಾರಾವಾಹಿ ಬಂದು ದೇಶವೆಲ್ಲ ಸಿಟ್ಟಿಗೆದ್ದ ಮೇಲೆ. ಅಷ್ಟರಲ್ಲಿ ಎಷ್ಟೋ ಜನ ತೀರಿಕೊಂಡಿದ್ದರು. ಈ ಸಾಫ್ಟ್‌ವೇರನ್ನು ಬರೆದವರು ರಾಕ್ಷಸರಾಗಿರಲಿಲ್ಲ. ನಿಮ್ಮಂತೆಯೇ ಪದವಿ ಪಡೆದು, ಸಂಜೆ ಮನೆಗೆ ಹೋಗಿ ಮಕ್ಕಳ ಹೋಂವರ್ಕ್ ನೋಡುತ್ತಿದ್ದವರು. ದೋಷ ಇದೆಯೆಂದು ಒಳಗೆ ಕೆಲವರಿಗೆ ಗೊತ್ತಿತ್ತು. ಅದು ಕೋರ್ಟಿನವರೆಗೆ ನಡೆದು ಹೋಗಲಿಲ್ಲ, ಅಷ್ಟೇ.

ನೀವೀಗ ಕೋಡನ್ನೂ ಯಂತ್ರದಿಂದಲೇ ಬರೆಸುವ ಕಾಲದವರು. ತಪ್ಪಾದರೆ ಅದರ ಮೇಲೇ ಹಾಕೋಣ ಎಂದುಕೊಂಡಿದ್ದರೆ, ಆ ಪ್ರಯೋಗ ಆಗಲೇ ನಡೆದಿದೆ. ಅಜ್ಜಿ ತೀರಿಕೊಂಡಾಗ ಹೊರಟ ಪ್ರಯಾಣಿಕರೊಬ್ಬರಿಗೆ ಏರ್ ಕೆನಡಾದ ಚಾಟ್‌ಬಾಟ್, ಸಾವಿನ ಸಂದರ್ಭಕ್ಕೆ ಕೊಡುವ ಟಿಕೆಟ್ ರಿಯಾಯಿತಿಯನ್ನು ಪ್ರಯಾಣದ ನಂತರವೂ ಕೇಳಬಹುದು ಎಂದು ತಪ್ಪು ಹೇಳಿತ್ತು. ವಿಷಯ ನ್ಯಾಯಮಂಡಳಿಗೆ ಹೋದಾಗ, ಚಾಟ್‌ಬಾಟಿನ ಮಾತಿಗೆ ತಾನು ಹೊಣೆಯಲ್ಲ ಎಂಬ ಧಾಟಿಯಲ್ಲಿ ಕಂಪನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ಮಂಡಳಿ ಅದನ್ನು ಒಪ್ಪದೆ ದುಡ್ಡು ಕೊಡಿಸಿತು.

ಸ್ಟಾರ್ಟಪ್ ಕಟ್ಟುವವರೂ ನಿಮ್ಮಲ್ಲಿ ಇದ್ದೀರಿ, ನಿಮ್ಮನ್ನು ಬಿಟ್ಟೆನೆಂದು ಬೇಸರ ಬೇಡ. ನಿಮಗಾಗಿ ಜ್ಯೂಸೆರೊ ಇದೆ. ಸುಮಾರು 12 ಕೋಟಿ ಡಾಲರ್ ಬಂಡವಾಳ ಎತ್ತಿ, ಹಣ್ಣು ತರಕಾರಿ ತುಂಬಿದ ಪ್ಯಾಕೆಟ್ ಹಿಂಡುವ, ವೈಫೈ ಉಳ್ಳ ಯಂತ್ರ ಮಾಡಿದ ಕಂಪನಿ. ಬೆಲೆ ಇಳಿಸಿದ ಮೇಲೂ ಯಂತ್ರಕ್ಕೆ 399 ಡಾಲರ್. 2017ರ ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್‌ನ ವರದಿಗಾರರು ಆ ಪ್ಯಾಕೆಟ್ಟನ್ನು ಬರಿಗೈಯಲ್ಲಿ ಹಿಂಡಿ ನೋಡಿದರು. ರಸ ಬಂತು. ಸೆಪ್ಟೆಂಬರಿಗೆ ಅಂಗಡಿ ಮುಚ್ಚಿತು. ಅಷ್ಟು ದುಡ್ಡು ಹಾಕಿದ ದೊಡ್ಡ ಮನುಷ್ಯರಲ್ಲಿ ಒಬ್ಬರಾದರೂ ಮೊದಲೇ ಕೈಯಲ್ಲಿ ಹಿಂಡಿ ನೋಡಿದ್ದರೋ ಇಲ್ಲವೋ!

ಪ್ರಾಮಾಣಿಕವಾಗಿ ನಡೆದುಕೊಂಡವರ ಕತೆಯೊಂದನ್ನೂ ಹೇಳಬೇಕು. 2017ರ ಜನವರಿ 31ರ ರಾತ್ರಿ, ಗಿಟ್‌ಲ್ಯಾಬ್ ಕಂಪನಿಯ ದಣಿದ ಎಂಜಿನಿಯರೊಬ್ಬರು ಎರಡನೆಯ ಡೇಟಾಬೇಸಿನದೆಂದುಕೊಂಡು ಮುಖ್ಯ ಡೇಟಾಬೇಸಿನ ಫೋಲ್ಡರನ್ನೇ ಅಳಿಸಿದರು. ತಪ್ಪಿನ ಅರಿವಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5. ಐದು ಬಗೆಯ ಬ್ಯಾಕಪ್ ವ್ಯವಸ್ಥೆ ಇತ್ತು, ಐದರಲ್ಲಿ ಒಂದೂ ನೆಟ್ಟಗೆ ಕೆಲಸಕ್ಕೆ ಬರಲಿಲ್ಲ. ದಿನಾ ಬ್ಯಾಕಪ್ ತೆಗೆಯಬೇಕಿದ್ದ ಪ್ರೋಗ್ರಾಮು ಯಾವಾಗಲೋ ಸೋಲತೊಡಗಿತ್ತು. ಸೋತೆ ಎಂದು ಅದು ಕಳಿಸುತ್ತಿದ್ದ ಮೇಲ್‌ಗಳು ತಿರಸ್ಕೃತವಾಗಿ, ಓದಬೇಕಾದವರಿಗೆ ಮುಟ್ಟುತ್ತಲೇ ಇರಲಿಲ್ಲ. ಕೊನೆಗೆ ಕಂಪನಿಯನ್ನು ಉಳಿಸಿದ್ದು, ಆರು ಗಂಟೆ ಮೊದಲು ಬೇರೆ ಯಾವುದೋ ಕೆಲಸಕ್ಕೆಂದು ಕೈಯಾರೆ ತೆಗೆದಿಟ್ಟ ಒಂದು ಪ್ರತಿ. ಗಿಟ್‌ಲ್ಯಾಬ್ ಮುಚ್ಚಿಡಲಿಲ್ಲ. ರಿಪೇರಿ ಕೆಲಸವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿತು, ಏನೇನು ತಪ್ಪಿತೆಂದು ಆಮೇಲೆ ಎಲ್ಲರೂ ಓದುವಂತೆ ಬರೆದಿಟ್ಟಿತು. ಅಳಿಸಿದವರನ್ನು ಮನೆಗೂ ಕಳಿಸಲಿಲ್ಲ.

ಹಾಗಾಗಿ ನಿಮ್ಮಲ್ಲೊಂದು ವಿನಂತಿ. ಸಂದರ್ಶನದ ಕೊನೆಯಲ್ಲಿ, ನಿಮಗೇನಾದರೂ ಕೇಳುವುದಿದೆಯೇ ಎನ್ನುತ್ತಾರೆ. ಕಂಪನಿಯ ಸಂಸ್ಕೃತಿ ಹೇಗಿದೆ ಎಂದು ಕೇಳಬೇಡಿ, ಅದಕ್ಕೆ ಉತ್ತರವನ್ನು ಅವರು ಬಾಯಿಪಾಠ ಮಾಡಿಕೊಂಡಿರುತ್ತಾರೆ. ನಿಮ್ಮ ಬ್ಯಾಕಪ್ಪಿನಿಂದ ಡೇಟಾ ಮರಳಿ ತೆಗೆದು ನೋಡಿದ್ದು ಕೊನೆಯ ಬಾರಿ ಯಾವಾಗ ಎಂದು ಕೇಳಿ. ತಾರೀಕು ಹೇಳಿದರೆ ಕಣ್ಣು ಮುಚ್ಚಿ ಸೇರಿಕೊಳ್ಳಿ. ಸಂದರ್ಶಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಆಗಲೂ ಸೇರಬಹುದು, ಆದರೆ ಸಂಬಳ ಸ್ವಲ್ಪ ಹೆಚ್ಚಿಗೆ ಕೇಳಿ.