ಹಳೆಯ ಸ್ಕೂಟರಿಗೆ ಹೊಸ ಶಾಕ್ ಅಬ್ಸಾರ್ಬರು

(ಪಲ್ಲಾವರಂ ಶಾಖೆಯ ಸಭೆಯಲ್ಲಿ ಹೋಟೆಲ್ ಕಾರ್ಮಿಕರ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಸಂಘದ ಸಭೆಯೆಂದರೆ ಸಂಬಳ, ಬೋನಸ್ಸು, ರಜೆ ಇವುಗಳ ಮಾತು ವಾಡಿಕೆ. ಈ ದಿನ ಸ್ಕೂಟರಿನ ಮುಂದಿನ ಶಾಕ್ ಅಬ್ಸಾರ್ಬರಿನ ಬಗ್ಗೆ ಭಾಷಣವೆಂದು ಬೋರ್ಡಿನಲ್ಲಿ ಬರೆದುದನ್ನು ನೋಡಿ ಕೆಲವರು ನಕ್ಕರು. “ಸಂಘ ಬಿಟ್ಟು ವರ್ಕ್‌ಶಾಪು ಹಾಕಿದಿರೋ?” ಎಂದು ಹಿರಿಯರೊಬ್ಬರು ಕೇಳಿದರು. ನಗಲಿ, ಅಡ್ಡಿಯಿಲ್ಲ. ಆದರೆ ಈ ವಿಷಯ ಸಂಘದ ವಿಷಯವೇ ಹೌದೆಂದು ತೋರಿಸುವುದು ನನ್ನ ಕೆಲಸ.

ನಮ್ಮ ಹೋಟೆಲ್ ಕೆಲಸದ ಹೊತ್ತು ಎಲ್ಲರಿಗೂ ಗೊತ್ತು. ಇಡ್ಲಿಯ ಒಲೆ ಹಚ್ಚುವವನು ಬೆಳಗಿನ ನಾಲ್ಕಕ್ಕೇ ಅಡಿಗೆಮನೆಯಲ್ಲಿರಬೇಕು. ಟೇಬಲ್ ಒರೆಸಿ ಬಾಗಿಲು ಹಾಕುವವನು ಹೊರಡುವಾಗ ರಾತ್ರಿ ಹನ್ನೊಂದು ದಾಟಿರುತ್ತದೆ. ಆ ಹೊತ್ತಿನಲ್ಲಿ ಬಸ್ಸು ಸಿಕ್ಕಿದರೆ ಪುಣ್ಯ. ಪಟ್ಟಣದೊಳಗೆ ಬಾಡಿಗೆ ಕೊಡಲಾರದೆ ನಾವು ಪಲ್ಲಾವರಂ, ಪಮ್ಮಲ್, ಕ್ರೋಂಪೇಟೆಗಳಲ್ಲಿ ಮನೆ ಮಾಡಿದವರು. ಹೊಸ ಗಾಡಿಗೆ ಹಣವಿಲ್ಲ. ಮೂರನೆಯ ಕೈ, ನಾಲ್ಕನೆಯ ಕೈ ದಾಟಿ ಬಂದ ಹಳೆಯ ಸ್ಕೂಟರೇ ಗತಿ. ಜಿ.ಎಸ್.ಟಿ. ರಸ್ತೆಯಲ್ಲಿ ಒಂದು ಬದಿಗೆ ಲಾರಿ, ಇನ್ನೊಂದು ಬದಿಗೆ ಬಸ್ಸು, ನಡುವೆ ನಿದ್ದೆಗಣ್ಣಿನ ನಮ್ಮ ಕಾರ್ಮಿಕ. ಐಪ್ಪಸಿ ಕಾರ್ತಿಕದ ಮಳೆಯಲ್ಲಿ ನೀರು ತುಂಬಿದ ಹೊಂಡ ಯಾವುದು, ರಸ್ತೆ ಯಾವುದು ಎಂದು ದೇವರಿಗೇ ಗೊತ್ತು. ಮುಂದಿನ ಚಕ್ರ ಹೊಂಡಕ್ಕೆ ಬಿದ್ದು ಎದ್ದಾಗ ಹ್ಯಾಂಡಲು ಕೈಯಲ್ಲಿ ನಿಂತಿತೋ ಇಲ್ಲವೋ, ಮನೆಮಂದಿಯ ಊಟ ಅದರ ಮೇಲೆ ನಿಂತಿದೆ.

ಕೆಲಸಕ್ಕೆ ಹೋಗಿಬರುವ ದಾರಿಯೂ ಕೆಲಸದ ಭಾಗವೆಂದು ಕಾರ್ಮಿಕರು ಬಹಳ ಕಾಲದಿಂದ ವಾದಿಸುತ್ತ ಬಂದರು. ೧೯೪೮ರ ಇ.ಎಸ್.ಐ. ಕಾಯಿದೆಗೆ ೨೦೧೦ರಲ್ಲಿ ತಿದ್ದುಪಡಿಯಾಗಿ, ಮನೆಯಿಂದ ಕೆಲಸಕ್ಕೆ ಹೋಗುವಾಗಲೂ ಹಿಂದಿರುಗುವಾಗಲೂ ಆದ ಅಪಘಾತಕ್ಕೂ ಕೆಲಸಕ್ಕೂ ಸಂಬಂಧವಿದ್ದರೆ ಅದನ್ನು ಕೆಲಸದ ಅಪಘಾತವೆಂದೇ ಎಣಿಸಬೇಕೆಂದಾಯಿತು. ಅದು ದೊಡ್ಡ ಲಾಭ. ಆದರೆ ಪರಿಹಾರದ ಹಣ ಮುರಿದ ಕಾಲನ್ನು ಮೊದಲಿನಂತೆ ಮಾಡದು. ಬೀಳದಂತೆ ನೋಡಿಕೊಳ್ಳುವುದೇ ಮೊದಲ ಪರಿಹಾರ.

ಈಗ ಗಾಡಿಯ ಚರಿತ್ರೆಯನ್ನು ಸ್ವಲ್ಪ ಹೇಳುತ್ತೇನೆ. ಲ್ಯಾಂಬ್ರೆಟಾ ಹುಟ್ಟಿದ್ದು ಇಟಲಿಯ ಮಿಲಾನ್ ಪಟ್ಟಣದ ಲ್ಯಾಂಬ್ರಾಟೆ ಎಂಬಲ್ಲಿ, ೧೯೪೭ರಲ್ಲಿ. ಮಾಡಿದವರು ಉಕ್ಕಿನ ಕೊಳವೆ ವ್ಯಾಪಾರದ ಫರ್ಡಿನಾಂಡೊ ಇನೊಚೆಂಟಿ. ಯುದ್ಧದಲ್ಲಿ ಹಾಳಾದ ದೇಶದಲ್ಲಿ ಕೆಲಸಕ್ಕೆ ಹೋಗುವ ಸಾಮಾನ್ಯರಿಗೆ ಅಗ್ಗದ ವಾಹನ ಬೇಕಾಗಿತ್ತು. ಅದಕ್ಕಾಗಿ ಹುಟ್ಟಿದ ಗಾಡಿ ಇದು. ನಮ್ಮ ದೇಶದಲ್ಲಿ ಮುಂಬಯಿಯ ಆಟೋಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪನಿಯವರು ಇದನ್ನು ೧೯೫೦ರ ದಶಕದಿಂದ ಜೋಡಿಸಿ, ತಯಾರಿಸಿ ಮಾರಿದರು. ಇಟಲಿಯಲ್ಲಿ ೧೯೭೧ರಲ್ಲಿ ತಯಾರಿಕೆ ನಿಂತಾಗ ಅಲ್ಲಿನ ಯಂತ್ರಗಳನ್ನು ಭಾರತ ಸರಕಾರ ಕೊಂಡಿತು. ೧೯೭೨ರಲ್ಲಿ ಸ್ಥಾಪಿತವಾದ ಸ್ಕೂಟರ್ಸ್ ಇಂಡಿಯಾ ಕಂಪನಿ ಲಖನೌದಲ್ಲಿ ವಿಜಯ್ ಸೂಪರ್ ತಯಾರಿಸಿತು. ಅಲ್ಲಿ ಸ್ಕೂಟರು ನಿಂತದ್ದು ೧೯೯೭ರಲ್ಲಿ. ಕಂಪನಿಯನ್ನೇ ಮುಚ್ಚಲು ಕೇಂದ್ರ ಸಂಪುಟ ೨೦೨೧ರಲ್ಲಿ ಒಪ್ಪಿಗೆ ಕೊಟ್ಟಿತು. ಸಾವಿರಾರು ಕಾರ್ಮಿಕರ ಕೈ ಬೆವರಿನಿಂದ ಆದ ಈ ಗಾಡಿಗಳು ಕಂಪನಿಗಳಿಗಿಂತ ಹೆಚ್ಚು ಕಾಲ ಬಾಳಿವೆ. ಪೆರಂಬೂರಿನ ಬಿ ಅಂಡ್ ಸಿ ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ನಮ್ಮ ಹಿರಿಯರಿಗೆ ಈ ಮಾತಿನ ಅರ್ಥ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಲ್ಯಾಂಬ್ರೆಟಾದ ಮುಂದಿನ ಚಕ್ರಕ್ಕೆ ಎರಡು ಕಾಲಿನ ಫೋರ್ಕು ಉಂಟು. ಪ್ರತಿ ಕಾಲಿನ ತುದಿಯಲ್ಲಿ ಹಿಂದಕ್ಕೆ ಚಾಚಿದ ಒಂದು ಲಿಂಕು. ಚಕ್ರ ಈ ಎರಡು ಲಿಂಕುಗಳ ನಡುವೆ ಕೂತಿದೆ. ಸ್ಪ್ರಿಂಗುಗಳು ಫೋರ್ಕಿನ ಕೊಳವೆಯೊಳಗೆ. ನಮ್ಮವರು ಹೆಚ್ಚಾಗಿ ಕೊಂಡ ಸಾಮಾನ್ಯ ೧೫೦ ಸಿ.ಸಿ. ಗಾಡಿಯಲ್ಲಿ ಇಷ್ಟೇ. ಆದರೆ ಇಟಲಿಯ ಅದೇ ಕಾರ್ಖಾನೆ ಹೆಚ್ಚು ಬೆಲೆಯ, ಹೆಚ್ಚು ವೇಗದ ಟಿ.ವಿ. ೧೭೫, ಎಸ್.ಎಕ್ಸ್. ೨೦೦ ಮೊದಲಾದ ಗಾಡಿಗಳಿಗೆ ಫೋರ್ಕಿನ ಹೊರಗೆ, ಎರಡು ಬದಿಗೂ ಒಂದೊಂದು ಎಣ್ಣೆಯ ಡ್ಯಾಂಪರು ಕೂಡಿಸಿತು. ಮೆಕ್ಯಾನಿಕರು ಶಾಕಪ್ ಎನ್ನುವುದು ಇದನ್ನೇ. ಹಣವಂತನ ಗಾಡಿಗೆ ಡ್ಯಾಂಪರು, ಸಾಮಾನ್ಯನ ಗಾಡಿಗೆ ಬರಿಯ ಸ್ಪ್ರಿಂಗು! ಆದುದರಿಂದ ಇಂದು ನಾವು ಮಾಡಹೊರಟದ್ದು ಹೊಸ ಶೋಕಿಯಲ್ಲ. ಅಂದು ಬೆಲೆ ತಗ್ಗಿಸಲು ಬಿಟ್ಟದ್ದನ್ನು ಇಂದು ಸೇರಿಸುತ್ತೇವೆ, ಅಷ್ಟೆ.

ಡ್ಯಾಂಪರು ಏನು ಮಾಡುತ್ತದೆ? ಸ್ಪ್ರಿಂಗು ಭಾರ ಹೊರುತ್ತದೆ, ಪೆಟ್ಟು ನುಂಗುತ್ತದೆ. ಆದರೆ ನುಂಗಿದ ಪೆಟ್ಟನ್ನು ಅದು ಇಟ್ಟುಕೊಳ್ಳುವುದಿಲ್ಲ, ತಿರುಗಿಸಿ ಒದೆಯುತ್ತದೆ. ಒಂದು ಹೊಂಡಕ್ಕೆ ಗಾಡಿ ಮೂರು ಸಲ ತಲೆ ಹಾಕುವುದು ಇದರಿಂದ. ಆ ಮೂರು ಸಲದಲ್ಲಿ ಟಯರು ರಸ್ತೆಯನ್ನು ಸರಿಯಾಗಿ ಒತ್ತಿ ಹಿಡಿಯದ ಕ್ಷಣಗಳುಂಟು. ಬ್ರೇಕು ಹಿಡಿಯದ, ಹ್ಯಾಂಡಲು ಕೇಳದ ಕ್ಷಣಗಳು ಅವೇ. ಡ್ಯಾಂಪರಿನೊಳಗೆ ಒಂದು ದಂಡ, ಅದರ ತುದಿಗೆ ಸಣ್ಣ ತೂತುಗಳುಳ್ಳ ಪಿಸ್ಟನ್ನು, ಸುತ್ತ ಎಣ್ಣೆ. ಅಡಿಗೆಮನೆಯವರಿಗೆ ತಿಳಿಯುವಂತೆ ಹೇಳುವುದಾದರೆ, ಗಟ್ಟಿ ದೋಸೆಹಿಟ್ಟಿನಲ್ಲಿ ಸೌಟನ್ನು ಮೆಲ್ಲಗೆ ಆಡಿಸಿ, ಸುಲಭವಾಗಿ ಸರಿಯುತ್ತದೆ. ರಪ್ಪನೆ ಎಳೆಯಿರಿ, ಹಿಟ್ಟು ಎದುರು ನಿಲ್ಲುತ್ತದೆ. ಡ್ಯಾಂಪರಿನ ಗುಟ್ಟು ಇದೇ. ಮೆಲ್ಲನೆಯ ಚಲನೆಗೆ ದಾರಿ ಬಿಡುತ್ತದೆ, ವೇಗದ ಒದೆತವನ್ನು ತಡೆದು ಆ ಶಕ್ತಿಯನ್ನು ಎಣ್ಣೆಯ ಶಾಖವಾಗಿ ಕರಗಿಸುತ್ತದೆ. ಮಿಲ್ಲಿನವರು ನೆನಪಿಸಿಕೊಳ್ಳಲಿ: ಲಾಳಿ ಹಾರಿ ಪೆಟ್ಟಿಗೆ ಸೇರುವಾಗ ಅದು ತಿರುಗಿ ಪುಟಿಯದಂತೆ ಮಗ್ಗದಲ್ಲಿ ತಡೆಯ ಏರ್ಪಾಟು ಇರುತ್ತಿತ್ತಲ್ಲವೇ? ಇದೂ ಅದೇ ಜಾತಿಯ ಕೆಲಸ.

ಒಂದು ಎಚ್ಚರಿಕೆ. ಡ್ಯಾಂಪರು ಭಾರ ಹೊರುವುದಿಲ್ಲ. “ಹೊಸ ಶಾಕಪ್ ಹಾಕಿದ್ದೇನೆ, ಇನ್ನೊಂದು ಹಾಲಿನ ಕ್ಯಾನು ಹಿಂದೆ ಕಟ್ಟು” ಎಂಬ ಮಾತು ಬೇಡ. ಹಿಂದೆ ಭಾರ ಹೆಚ್ಚಾದಷ್ಟೂ ಮುಂದಿನ ಚಕ್ರ ಹಗುರಾಗಿ ಹಿಡಿತ ಬಿಡುತ್ತದೆ.

ಕಳೆದ ತಿಂಗಳು ನಮ್ಮ ಶಾಖೆಯ ಸದಸ್ಯರೊಬ್ಬರ ಹಳೆಯ ಗಾಡಿಗೆ ಈ ಕೆಲಸ ಮಾಡಿದೆವು. ಅವರು ಸಪ್ಲಯರ್ ಕೆಲಸದವರು. ಬೆಳಿಗ್ಗೆ ಪಾರ್ಸೆಲ್ ಡಬ್ಬಗಳನ್ನೂ ಕೊಂಡೊಯ್ಯುತ್ತಾರೆ. ಆ ಅನುಭವದಿಂದ ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು, ಹಣ ಕೊಡುವ ಮುಂಚೆ ಗಾಡಿಯ ಪರೀಕ್ಷೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಮುಂದಿನ ಚಕ್ರ ನೆಲದಿಂದ ಮೇಲೇಳುವಂತೆ ಭದ್ರಪಡಿಸಿರಿ. ಚಕ್ರವನ್ನು ಹಿಡಿದು ಅಡ್ಡಕ್ಕೆ ಅಲ್ಲಾಡಿಸಿರಿ. ಲಿಂಕಿನ ಬುಷ್ ಸವೆದಿದ್ದರೆ, ಚಕ್ರದ ಬೇರಿಂಗು ಸಡಿಲಿದ್ದರೆ, ಹ್ಯಾಂಡಲಿನ ಬೇರಿಂಗಿನಲ್ಲಿ ಕಟಕಟ ಎಂದರೆ ಮೊದಲು ಅದನ್ನು ಸರಿಮಾಡಿ. ಫೋರ್ಕು ಸೊಟ್ಟಗಾಗಿದ್ದರೆ ಡ್ಯಾಂಪರಿನ ಯೋಚನೆಯನ್ನೇ ಬಿಡಿ. ತೂತಾದ ಕೊಳದಪ್ಪಲೆಗೆ ಹೊಸ ಮುಚ್ಚಳ ಹಾಕಿ ಫಲವೇನು? ಇನ್ನೊಂದು ಮೋಸ ಉಂಟು. ತುಕ್ಕು ಹಿಡಿದ ಲಿಂಕು ಒತ್ತಿದರೂ ಅಲುಗದು. ಅದನ್ನು ಕೆಲವರು “ಗಟ್ಟಿಯಾಗಿದೆ” ಎನ್ನುತ್ತಾರೆ. ಅದು ಗಟ್ಟಿಯಲ್ಲ, ಜಡ. ಬಿಚ್ಚಿ, ತೊಳೆದು, ಗ್ರೀಸು ಕೊಟ್ಟು, ರಬ್ಬರಿನ ತಡೆಗಳನ್ನು ಹೊಸದು ಹಾಕಬೇಕು. ಬ್ರೇಕಿನ ಧೂಳನ್ನು ಬಾಯಿಂದ ಊದಬೇಡಿ. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ.

ಎರಡನೆಯದು, ಡ್ಯಾಂಪರು ಕೂಡಿಸುವ ಸ್ಥಾನ. ಮೇಲಿನ ತುದಿಗೆ ಫೋರ್ಕಿನ ಕಾಲಿನಲ್ಲಿ ಕಿವಿ ಬೇಕು, ಕೆಳಗಿನ ತುದಿಗೆ ಲಿಂಕಿನಲ್ಲಿ ಬೋಲ್ಟು ಬೇಕು. ಕೆಲವು ಫೋರ್ಕುಗಳಲ್ಲಿ ಇವು ಇರುತ್ತವೆ, ಕೆಲವುದರಲ್ಲಿ ಇಲ್ಲ. ಇಲ್ಲದಿದ್ದರೆ ಕಿವಿಯುಳ್ಳ ಒಳ್ಳೆಯ ಹಳೆಯ ಫೋರ್ಕನ್ನು ಹುಡುಕುವುದು ಲೇಸು. ಪುದುಪೇಟೆಯಲ್ಲಿ ಹುಡುಕಿ; ನಮ್ಮ ಪಲ್ಲಾವರಂ ಶುಕ್ರವಾರದ ಸಂತೆಯಲ್ಲೂ ಕಣ್ಣಿಡಿ. ಹಳೆಯ ಟ್ರಂಕ್ ರೋಡಿನ ಆ ಸಂತೆಯಲ್ಲಿ ಕೋಳಿಯಿಂದ ಹಿಡಿದು ಹಳೆ ಕಬ್ಬಿಣದವರೆಗೆ ಏನು ತಾನೆ ಸಿಕ್ಕದು? ಆದರೆ ಸಂತೆಯ ಫೋರ್ಕನ್ನು ನೂಲು ಹಿಡಿದು ನೋಡಿ, ಬಣ್ಣ ಕೆರೆದು ಬಿರುಕುಂಟೋ ಎಂದು ಪರೀಕ್ಷಿಸಿ ಕೊಳ್ಳಿರಿ. ವೆಲ್ಡಿಂಗೇ ಮಾಡಿಸುವುದಾದರೆ ಫೋರ್ಕನ್ನು ಪೂರಾ ಬಿಚ್ಚಿ, ಬೇರಿಂಗು, ರಬ್ಬರು, ಗ್ರೀಸು ಎಲ್ಲ ತೆಗೆದು, ಕೈಪಳಗಿದವರಿಂದಲೇ ಮಾಡಿಸಿರಿ. ಎಡ ಬಲ ಎರಡೂ ಕಿವಿಗಳು ಒಂದೇ ಎತ್ತರದಲ್ಲಿರಬೇಕು. ಒಂದು ಮೇಲೆ ಒಂದು ಕೆಳಗೆ ಆದರೆ ಎರಡೂ ಒಟ್ಟಿಗೆ ದುಡಿಯವು. ಒಗ್ಗಟ್ಟಿಲ್ಲದ ಸಂಘದ ಹಾಗೆ, ಚಕ್ರವನ್ನು ಓರೆಗೆ ತಿರುಚುತ್ತವೆ.

ಮೂರನೆಯದು ಅಳತೆ. ಹೆಚ್ಚಿನ ಮಂದಿ ಬಿಡುವುದು ಇದನ್ನೇ. ಫೋರ್ಕಿನ ಸ್ಪ್ರಿಂಗುಗಳನ್ನು ಹೊರಗಿಟ್ಟು, ಲಿಂಕನ್ನು ಮೇಲಿನ ರಬ್ಬರು ತಾಗುವ ತನಕ ಎತ್ತಿ, ಡ್ಯಾಂಪರು ಕೂಡುವ ಎರಡು ಬಿಂದುಗಳ ನಡುವಿನ ಅಂತರ ಅಳೆಯಿರಿ. ಬಳಿಕ ಕೆಳಗಿನ ರಬ್ಬರಿನ ತನಕ ಇಳಿಸಿ ಮತ್ತೆ ಅಳೆಯಿರಿ. ಪೂರ್ತಿ ಮುಚ್ಚಿದ ಡ್ಯಾಂಪರು ಮೊದಲ ಅಳತೆಗಿಂತ ಗಿಡ್ಡವಿರಬೇಕು. ಪೂರ್ತಿ ಎಳೆದದ್ದು ಎರಡನೆಯ ಅಳತೆಗಿಂತ ಉದ್ದವಿರಬೇಕು. ಹಾಗಿಲ್ಲದಿದ್ದರೆ ರಬ್ಬರು ತಡೆಯಬೇಕಾದ ಪೆಟ್ಟನ್ನು ಡ್ಯಾಂಪರಿನ ದಂಡವೇ ತಿಂದು ಬಾಗುತ್ತದೆ, ಇಲ್ಲವೇ ಕಿವಿ ಕಿತ್ತುಬರುತ್ತದೆ.

ನಾಲ್ಕನೆಯದು ಜೋಡಣೆ. ಡ್ಯಾಂಪರುಗಳನ್ನು ಜೋಡಿಯಾಗಿಯೇ ಕೊಳ್ಳಿ. ಒಂದು ಹಳೆಯದು ಒಂದು ಹೊಸದು ಬೇಡ. ಕೊಂಡದ್ದನ್ನು ಎಣ್ಣೆ ಸೋರುತ್ತದೆಯೋ ಎಂದು ನೋಡಿ, ನೆಟ್ಟಗೆ ನಿಲ್ಲಿಸಿ ಐದಾರು ಸಲ ಮೆಲ್ಲಗೆ ಒತ್ತಿ ಎಳೆಯಿರಿ; ಒಳಗಿನ ಗಾಳಿ ಮೇಲೇರುತ್ತದೆ. ಯಾವ ತುದಿ ಮೇಲೆ ಎಂಬುದನ್ನು ತಯಾರಕರ ಚೀಟಿಯಲ್ಲಿ ಓದಿ ಕೂಡಿಸಿರಿ. ರಬ್ಬರ್ ಬುಷ್ ಉಳ್ಳವಕ್ಕೆ ನಟ್ಟುಗಳನ್ನು ಮೊದಲು ಸಡಿಲವಾಗಿಯೇ ಬಿಟ್ಟು, ಗಾಡಿಯನ್ನು ನೆಲಕ್ಕಿಳಿಸಿ, ಒಬ್ಬರು ಸವಾರಿಯ ಹಾಗೆ ಕುಳಿತ ಮೇಲೆ ಬಿಗಿಮಾಡಿ. ತೂಗಾಡುವ ಸ್ಥಿತಿಯಲ್ಲಿ ಬಿಗಿಮಾಡಿದರೆ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಆಮೇಲೆ ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಬ್ರೇಕ್ ಕೇಬಲ್ಲು, ಸ್ಪೀಡೋಮೀಟರ್ ಕೇಬಲ್ಲು, ಮಡ್‌ಗಾರ್ಡು ಎಲ್ಲಿಯೂ ತಾಗದೆಂದು ನೋಡಿರಿ.

ಐದನೆಯದು ಪರೀಕ್ಷೆ. ಹೊಸ ಕಾಲದ ಡ್ಯಾಂಪರುಗಳಲ್ಲಿ ಕೆಲವಕ್ಕೆ ಬಿಗಿ ಸಡಿಲು ಮಾಡುವ ತಿರುಪು ಇರುತ್ತದೆ. ಎರಡೂ ಬದಿಗೆ ಒಂದೇ ಲೆಕ್ಕ. ಸಡಿಲಿನಿಂದ ಆರಂಭಿಸಿ ಒಂದೊಂದೇ ಹಲ್ಲು ಬಿಗಿಮಾಡಿ. ಹ್ಯಾಂಡಲು ಒತ್ತಿ ಬಿಟ್ಟರೆ ಗಾಡಿ ಒಮ್ಮೆ ಎದ್ದು ಸುಮ್ಮನಾಗಬೇಕು. ಅತಿ ಬಿಗಿಯೂ ಕೆಟ್ಟದ್ದೇ; ಸಣ್ಣ ಹೊಂಡಗಳ ಸಾಲಿನಲ್ಲಿ ಚಕ್ರ ಇಳಿಯಲು ಪುರುಸೊತ್ತಿಲ್ಲದೆ ಹಾರುತ್ತಲೇ ಹೋಗುತ್ತದೆ, ಪೆಟ್ಟು ಮಣಿಗಂಟಿಗೆ ಬರುತ್ತದೆ. ಮೊದಲು ಸಂದಿಯ ರಸ್ತೆಯಲ್ಲಿ ಮೆಲ್ಲಗೆ ಓಡಿಸಿ, ಬಳಿಕವೇ ದೊಡ್ಡ ರಸ್ತೆ. ಒಂದೆರಡು ದಿನ ಓಡಿಸಿದ ಮೇಲೆ ಎಲ್ಲ ನಟ್ಟುಗಳಿಗೂ ಇನ್ನೊಮ್ಮೆ ಸ್ಪ್ಯಾನರು ಕೊಡಿ.

ನಮ್ಮ ಸದಸ್ಯರ ಗಾಡಿ ಈಗ ಹೇಗಿದೆ ಎಂದು ಕೇಳುವಿರಿ. ಹೊಂಡ ಹೊಂಡವೇ, ಅದು ಮಾಯವಾಗಿಲ್ಲ. ಆದರೆ ಒಂದು ಹೊಂಡಕ್ಕೆ ಒಂದೇ ಪೆಟ್ಟು. ಬ್ರೇಕು ಹಿಡಿದಾಗ ಮೂತಿ ರಪ್ಪನೆ ನೆಲಕ್ಕೆ ಕುಕ್ಕುವುದು ತಗ್ಗಿದೆ. ರಾತ್ರಿ ಮನೆಗೆ ಬಂದಾಗ ಕೈ ನಡುಗುವುದಿಲ್ಲವೆಂದು ಅವರ ಮನೆಯವರೇ ಹೇಳಿದರು.

ಕಾನೂನಿನ ಎರಡು ಮಾತು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನಂತೆ, ಆರ್.ಸಿ.ಯಲ್ಲಿನ ವಿವರ ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸಕೂಡದು. ಆದುದರಿಂದ ಎಂಜಿನ್ನು, ಚಾಸಿಗಳ ತಂಟೆ ಬೇಡ. ಬಿಚ್ಚಿದ ಹಳೆಯ ಭಾಗಗಳನ್ನು ಗೋಣಿಯಲ್ಲಿ ಕಟ್ಟಿ ಇಟ್ಟುಕೊಳ್ಳಿ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಿಸಲು ಮರೆಯಬೇಡಿ. ಐವತ್ತು ವರ್ಷ ದಾಟಿದ, ಮೂಲರೂಪದ ಗಾಡಿಗಳಿಗೆ ‘ವಿಂಟೇಜ್’ ನೋಂದಣಿಯ ನಿಯಮ ೨೦೨೧ರಲ್ಲಿ ಬಂತು. ಹೆಸರು ಚೆಂದವೆಂದು ಅದಕ್ಕೆ ಕೈಹಾಕಬೇಡಿ. ಆ ನೋಂದಣಿಯ ಗಾಡಿ ಪ್ರದರ್ಶನ, ರ‍್ಯಾಲಿಗಳಿಗೆ, ದಿನದ ದುಡಿಮೆಗಲ್ಲ.

ಕೊನೆಯದಾಗಿ ಸಂಘದ ಮಾತು. ನಾನು ಕೆಲಸ ಮಾಡಿದ ಒಂದು ಹೋಟೆಲಿನಲ್ಲಿ ಪಾರ್ಸೆಲ್ ಒಯ್ಯಲು ಹುಡುಗರ ಸ್ವಂತ ಗಾಡಿಯೇ ಬೇಕಾಗಿತ್ತು. ಪೆಟ್ರೋಲಿಗೆ ಗಲ್ಲಾದಿಂದ ಚಿಲ್ಲರೆ ಸಿಕ್ಕುತ್ತಿತ್ತು, ಟಯರು ಸವೆದರೆ, ಶಾಕಪ್ ಸೋರಿದರೆ “ಗಾಡಿ ನಿನ್ನದಲ್ಲವೋ?” ಎಂಬ ಉತ್ತರ. ಗಾಡಿ ನಮ್ಮದು ನಿಜ, ಸವೆಯುವುದು ಯಾರ ಲಾಭಕ್ಕೆ? ಅಡಿಗೆಮನೆಯ ಗ್ರೈಂಡರು ಕೆಟ್ಟರೆ ಮಾಲೀಕರು ರಿಪೇರಿ ಮಾಡಿಸುವುದಿಲ್ಲವೇ? ಹೋಟೆಲಿನ ಕೆಲಸಕ್ಕೆ ಓಡುವ ಗಾಡಿಗೆ ಕಿಲೋಮೀಟರಿನ ಲೆಕ್ಕದಲ್ಲಿ ಸವಕಳಿ ಭತ್ಯೆ ಬೇಕೆಂದು ಬೇಡಿಕೆಯ ಪಟ್ಟಿಯಲ್ಲಿ ಸೇರಿಸೋಣ. ಅದಕ್ಕಾಗಿ ಇಂದಿನಿಂದಲೇ ಓಡಿದ ದೂರವನ್ನೂ ರಿಪೇರಿಯ ಚೀಟಿಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಲೆಕ್ಕವಿಲ್ಲದ ಬೇಡಿಕೆಗೆ ಬೆಲೆಯಿಲ್ಲ.

ಬೇಡಿಕೆ ಈಡೇರುವ ತನಕ ಕೈಕಟ್ಟಿ ಕೂರುವುದೂ ಬೇಡ. ಒಬ್ಬೊಬ್ಬರೂ ಸ್ಪ್ಯಾನರ್ ಸೆಟ್ಟು ಕೊಳ್ಳಲಾರರು. ಶಾಖೆಗೆ ಒಂದು ಪೆಟ್ಟಿಗೆ ಸಾಕು. ಗಾಡಿಗೆ ಬಣ್ಣ, ಕ್ರೋಮು, ಬಣ್ಣದ ದೀಪಗಳಿಗೆ ಸುರಿಯುವ ಹಣವನ್ನು ಮೊದಲು ಟಯರಿಗೆ, ಬ್ರೇಕಿಗೆ, ಶಾಕ್ ಅಬ್ಸಾರ್ಬರಿಗೆ ಹಾಕಿ. ವಾರದ ರಜೆಯ ಮಧ್ಯಾಹ್ನ ನಾಲ್ಕು ಜನ ಸೇರಿ ನಾಲ್ಕು ಗಾಡಿಗಳ ಮುಂಗಾಲು ಪರೀಕ್ಷಿಸಿದರೆ, ನಾಲ್ಕು ಮನೆಗಳಲ್ಲಿ ರಾತ್ರಿ ಬಾಗಿಲು ಕಾಯುವವರ ಎದೆಗುದಿ ಅಷ್ಟಾದರೂ ತಗ್ಗುತ್ತದೆ. ಪೆಟ್ಟಿಗೆಯ ನಿಧಿಗೆ ಹೆಸರು ಬರೆಸುವವರು ಕಾರ್ಯದರ್ಶಿಯವರನ್ನು ಈಗಲೇ ಕಾಣಬೇಕೆಂದು ಕೋರುತ್ತೇನೆ.