ಗುಂಡು ಗುರಿ ಮುಟ್ಟಬೇಕಾದರೆ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಕಚೇರಿಗೂ ಕಾರ್ಖಾನೆಗೂ ಹೋಗಿಬರುವ ನಮಗೆ ಕೋವಿಯ ಮಾತೇಕೆಂದು ಕೆಲವರು ಕೇಳಿದರು. ಕೊಡಗಿನವನಿಗೆ ಮಾತಾಡಲು ಹೇಳಿದರೆ ಹೀಗೇ ಆಗುವುದು!

ಕೈಲ್ ಮುಹೂರ್ತದ ಹಬ್ಬದಲ್ಲಿ ನಮ್ಮಲ್ಲಿ ಕೋವಿಗೆ ತೋಕ್‌ಪೂ ಮುಡಿಸಿ ಪೂಜೆಮಾಡುತ್ತಾರೆ. ಆಮೇಲೆ ಎತ್ತರದ ಮರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಹದಿನೇಳನೆಯ ವಯಸ್ಸಿನಲ್ಲಿ ಮನೆಯ ಹಳೆಯ ಕೇಪಿನ ಕೋವಿಯಿಂದ ನಾನು ಮೂರು ಈಡು ಹೊಡೆದೆ. ಮೂರೂ ಮೂರು ದಿಕ್ಕಿಗೆ ಹೋದವು. ಕೈ ನಡುಗಿತೆಂದು ಎಲ್ಲರೂ ನಕ್ಕರು. ಅಜ್ಜ ಮಾತ್ರ ನಗದೆ, "ಮೂರು ಸಲ ಮೂರು ತರಹ ತುಂಬಿದೆ" ಎಂದರು.

ತೋಟಾ ಕೋವಿಯಲ್ಲಿ ಮದ್ದುಗುಂಡುಗಳ ಲೆಕ್ಕವನ್ನು ಕಾರ್ಖಾನೆಯೇ ಮಾಡಿಟ್ಟಿರುತ್ತದೆ. ಬಾಯಿಯಿಂದ ತುಂಬುವ ಕೋವಿಯಲ್ಲಿ ಹೊಡೆಯುವವನೇ ಕಾರ್ಖಾನೆ. ಮದ್ದನ್ನು ಅಂದಾಜಿಗೆ ಸುರಿಯದೆ ಪ್ರತಿ ಸಲವೂ ಒಂದೇ ಅಳತೆಯಲ್ಲಿ ಹಾಕಬೇಕು; ಗುಂಡನ್ನು ಒಂದೇ ಬಿಗಿಯಲ್ಲಿ ಕೂರಿಸಬೇಕು.

ನಮ್ಮ ಕೋವಿಯದು ನುಣುಪು ನಳಿಗೆ. ರೈಫಲಿನ ನಳಿಗೆಯೊಳಗಾದರೆ ಸುರುಳಿ ಗೀರುಗಳಿರುತ್ತವೆ. ಗುಂಡು ಬುಗುರಿಯಂತೆ ತಿರುಗುತ್ತ ಹೋಗುವುದರಿಂದ ದಾರಿ ಬಿಡದು. ಆದರೆ ಗುಂಡು ಗೀರುಗಳನ್ನು ಹಿಡಿಯಬೇಕಲ್ಲ? ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದವರು ಗುಂಡನ್ನು ಜಿಡ್ಡು ಸವರಿದ ಬಟ್ಟೆಚೂರಿನಲ್ಲಿ ಸುತ್ತಿ ಇಳಿಸುತ್ತಿದ್ದರು. ಅರ್ಧ ಅಂಗುಲದ ನಳಿಗೆಗೆ ಗುಂಡು ಅಂಗುಲದ ನೂರರಲ್ಲೊಂದು ಪಾಲಿನಷ್ಟು ಸಣ್ಣದಿರಬೇಕು. ಆ ಸಂದನ್ನು ಬಟ್ಟೆ ತುಂಬುತ್ತದೆ. 1853ರ ಎನ್‌ಫೀಲ್ಡ್ ರೈಫಲಿನ ಉಪಾಯವೇ ಬೇರೆ. ಅದರ ಗುಂಡಿನ ಬುಡ ಟೊಳ್ಳು. ಮದ್ದು ಸಿಡಿದಾಗ ಬುಡ ಅರಳಿ ಗೀರನ್ನು ಕಚ್ಚುತ್ತದೆ. 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ಕೊಬ್ಬಿನ ತೋಟಾ ಇದೇ ರೈಫಲಿನದು.

ನನಗೆ ಬಹಳ ಹಿಡಿಸಿದ್ದು ಆ ಬಟ್ಟೆಯ ಸಂಗತಿ. ಹೊಡೆದಮೇಲೆ ಅದು ಕೆಲವು ಹೆಜ್ಜೆ ಮುಂದೆ ಬಿದ್ದಿರುತ್ತದೆ. ಹೆಕ್ಕಿ ನೋಡಬೇಕು. ಅಂಚು ಎಳೆಬಿಟ್ಟು ನಡುಭಾಗ ಗಟ್ಟಿಯಾಗಿದ್ದರೆ ಸರಿ. ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವು, ಇಲ್ಲವೆ ಜಿಡ್ಡು ಸಾಲದು. ಚಾಕುವಿನಿಂದ ಕೊಯ್ದಂತಿದ್ದರೆ ನಳಿಗೆಯ ಬಾಯೋ ಗೀರಿನ ಅಂಚೋ ಹರಿತವಾಗಿದೆ. ಒಂದು ಚಿಂದಿ ಎಷ್ಟು ಮಾತಾಡುತ್ತದೆ ನೋಡಿ!

ಇನ್ನು ಮಸಿ. ಕರಿಮದ್ದು ಉರಿದಮೇಲೆ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಗಾಳಿಯಾಗದೆ ಮಸಿಯೂ ಹೊಗೆಯೂ ಆಗುತ್ತದೆ. ಈಡಿಗೊಮ್ಮೆ ಒದ್ದೆ ಚಿಂದಿಯಿಂದಲೂ ಒಣ ಚಿಂದಿಯಿಂದಲೂ ಒರೆಸದಿದ್ದರೆ ಮುಂದಿನ ಗುಂಡು ನಡುದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಮದ್ದಿಗೂ ಗುಂಡಿಗೂ ನಡುವೆ ಹೀಗೆ ತೆರವು ಉಳಿದಾಗ ಹೊಡೆದರೆ ನಳಿಗೆಯೇ ಒಡೆಯಬಹುದು. ನಮ್ಮ ನೆರೆಯವರೊಬ್ಬರು ಎಡಗೈಯ ಎರಡು ಬೆರಳು ಕಳೆದುಕೊಂಡದ್ದು ಹೀಗೆಯೇ. ಅವರ ಕೈ ಕಂಡಮೇಲೆ ಅಜ್ಜ ಗಜಕಡ್ಡಿಗೆ ಒಂದು ಗೀರು ಹಾಕಿದರು: ಸರಿಯಾಗಿ ತುಂಬಿದಾಗ ಆ ಗೀರು ನಳಿಗೆಯ ಬಾಯಿಗೆ ಸಮನಾಗಿರಬೇಕು. ಅದು ಮೇಲೆ ನಿಂತರೆ ಹೊಡೆಯಕೂಡದು. ಇಂಥ ಕೋವಿಗೆ ಹೊಗೆಯಿಲ್ಲದ ಹೊಸ ಮದ್ದನ್ನು ಚಿಟಿಕೆಯಷ್ಟೂ ಹಾಕಕೂಡದು.

ಕುದುರೆ ಎಳೆದ ಕೂಡಲೆ ತಲೆಯೆತ್ತಿ ಕಾಯಿ ಬಿತ್ತೇ ಎಂದು ನೋಡುವುದು ನಮ್ಮೆಲ್ಲರ ಚಾಳಿ. ಚಕಮಕಿ ಕೋವಿಯಲ್ಲಂತೂ ಕಿಡಿ ಹಾರಿ ಮದ್ದು ಹತ್ತಲು ಒಂದು ಕ್ಷಣ ಬೇಕು. ಗುಂಡು ಹೊರಟಮೇಲೂ ಕಣ್ಣು ನೊಣೆಯ ಮೇಲೆಯೇ ಇರಬೇಕು.

ಮರುವರ್ಷ ಅಳತೆಯ ಕೊಳವೆಯನ್ನೂ ಗೀರು ಹಾಕಿದ ಗಜಕಡ್ಡಿಯನ್ನೂ ಹಿಡಿದು ಹೋದೆ. ಎರಡನೆಯ ಈಡಿಗೆ ಕಾಯಿ ಒಡೆಯಿತು. ಮೊದಲನೆಯದು ತಪ್ಪಿದ್ದೇಕೆಂದು ಅಜ್ಜನೇ ಹೇಳಿದರು: ವರ್ಷವಿಡೀ ನಳಿಗೆಯಲ್ಲಿದ್ದ ಎಣ್ಣೆಯನ್ನು ನಾನು ಒರೆಸಿರಲಿಲ್ಲ.